ಟೆಕ್ಟಾನಿಕ್ಸ್ ಪ್ರಾಜೆಕ್ಟ್‌ಗೆ ಹಿಮಾಲಯ ಬೇಡ, ದುರ್ಗ ಸಾಕು: ಗುಡ್ಡ, ಕಣಿವೆ, ಹೊಳೆ ಓದೋದು ಹೇಗೆ

ಸಿಲಬಸ್ಸಲ್ಲಿ ಟೆಕ್ಟಾನಿಕ್ಸ್ (ಭೂಮಿಯ ಹೊರಪದರದ ಚಲನೆ), ಲ್ಯಾಂಡ್‌ಸ್ಕೇಪ್ ಎವಲ್ಯೂಷನ್ (ನೆಲದ ಆಕಾರ ಬದಲಾಗೋದು) ಅಂತ ಪೇಪರ್ ಬಂದ್ರೆ ಸಾಕು, ಪ್ರಾಜೆಕ್ಟ್‌ಗೆ ಎಲ್ಲರೂ ಹಿಮಾಲಯನೇ ಹಿಡೀತಾರೆ. ಹಿಮಾಲಯ ನೋಡಿರಲ್ಲ, ನೋಡೋಕೆ ಹೋಗೋದೂ ಇಲ್ಲ, ನೆಟ್ಟಲ್ಲಿ ಸಿಕ್ಕ ನಾಲ್ಕು ಚಿತ್ರ ಅಂಟಿಸಿ ಸ್ಪೈರಲ್ ಬೈಂಡಿಂಗ್ ಮಾಡ್ಸಿ ತಂದಿಡ್ತಾರೆ. ಈ ಸಬ್ಜೆಕ್ಟ್ ಪಾಠ ಮಾಡೋ ನನ್ನಂಥವನಿಗೆ ಅಂಥ ರಿಪೋರ್ಟ್ ಓದಿ ಓದಿ ಸಾಕಾಗಿದೆ, ಅದಕ್ಕೇ ಇದನ್ನ ಬರೀತಿದೀನಿ. ಚಿತ್ರದುರ್ಗ, ದಾವಣಗೆರೆ ಕಡೆ ಓದೋ ಹುಡುಗ್ರು ಬೈಕಲ್ಲೋ ಬಸ್ಸಲ್ಲೋ ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರೋ ದೂರದಲ್ಲೇ ನಿಜವಾದ ಡೇಟಾ ಇಟ್ಕೊಂಡು ಪ್ರಾಜೆಕ್ಟ್ ಮಾಡಬಹುದು. ಜಿಯಾಲಜಿ ಓದದೆ ಇರೋರೂ ಮಾಡಬಹುದು, ಲಾಗ್ ಗ್ರಾಫ್ ಹಾಕೋಕೆ ಬಂದ್ರೆ ಆಯ್ತು.

ಫೀಲ್ಡಿಗೆ ಹೊರಡೋ ಮುಂಚೆ ಒಂದು ವಿಷಯ ತಲೇಲಿ ಗಟ್ಟಿಯಾಗಿ ಕೂರಬೇಕು. ಬಂಡೆ ವಯಸ್ಸು ಬೇರೆ, ಗುಡ್ಡದ ವಯಸ್ಸು ಬೇರೆ. ಚಿತ್ರದುರ್ಗ ಗ್ರಾನೈಟ್‌ಗೆ ಸುಮಾರು 260 ಕೋಟಿ ವರ್ಷ, ಈ ಸೀಮೆಯ ನೈಸ್ (ಒತ್ತಡ, ಶಾಖಕ್ಕೆ ರೂಪ ಬದಲಾಗಿ ಪಟ್ಟೆ ಪಟ್ಟೆಯಾದ ಕಲ್ಲು) ಬಂಡೆಗಳಲ್ಲಿ ಕೆಲವು 300 ಕೋಟಿ ದಾಟಿದಾವೆ, ಅದೆಲ್ಲ ಸರಿ. ಆದ್ರೆ "ದುರ್ಗದ ಬೆಟ್ಟಗಳು 260 ಕೋಟಿ ವರ್ಷ ಹಳೆಯವು" ಅಂತ ಬರೆದ್ರೋ, ಅಲ್ಲೇ ಮಾರ್ಕ್ಸ್ ಹೋಯ್ತು. ಗ್ರಾನೈಟ್ ಅನ್ನೋದು ನೆಲದ ಕೆಳಗೆ ಕಿಲೋಮೀಟರ್‌ಗಟ್ಟಲೆ ಆಳದಲ್ಲಿ ನಿಧಾನಕ್ಕೆ ತಣ್ಣಗಾದ ಶಿಲಾರಸ, ಅದು ಇವತ್ತು ನಮ್ಮ ಕಾಲ ಕೆಳಗೆ ಸಿಗ್ತಿದೆ ಅಂದ್ರೆ ಮೇಲಿದ್ದ ಅಷ್ಟೂ ಕಲ್ಲು ಸವೆದು ಹಳ್ಳ ಹೊಳೆ ಸೇರಿ ಸಮುದ್ರಕ್ಕೆ ಹೋಗಿದೆ ಅಂತ ಅರ್ಥ. ಒಂದು ಲೆಕ್ಕ ಹಾಕೋಣ. ಆಕಾಶದಿಂದ ಬೀಳೋ ಕಾಸ್ಮಿಕ್ ಕಿರಣ ನೆಲದ ಮೇಲ್ಪದರದ ಬೆಣಚುಕಲ್ಲಲ್ಲಿ ಬೆರಿಲಿಯಂ-10 ಅನ್ನೋ ಪರಮಾಣು ಹುಟ್ಟಿಸುತ್ತೆ, ಕಲ್ಲು ಮೇಲ್ಗಡೆ ಜಾಸ್ತಿ ಕಾಲ ಕೂತಷ್ಟೂ ಅದು ಜಾಸ್ತಿ ಸೇರುತ್ತೆ, ಬೇಗ ಸವೆದ್ರೆ ಕಡಿಮೆ. ಹೊಳೆ ಮರಳಲ್ಲಿ ಇದನ್ನ ಅಳೆದ್ರೆ ಆ ಹೊಳೆ ಬಯಲು ಎಷ್ಟು ಬೇಗ ಸವೀತಿದೆ ಅಂತ ಗೊತ್ತಾಗುತ್ತೆ. ದಕ್ಷಿಣದ ಪ್ರಸ್ಥಭೂಮಿ ಮೇಲೆ ಹಾಗೆ ಅಳೆದಾಗ ಹತ್ತು ಲಕ್ಷ ವರ್ಷಕ್ಕೆ ಹತ್ತು ಮೀಟರ್ ಆಸುಪಾಸು ಸಿಕ್ಕಿದೆ, ಪಶ್ಚಿಮ ಘಟ್ಟದ ಕಡಿದಾದ ಮುಖದಲ್ಲಿ ಅದರ ಹಲವು ಪಟ್ಟು. ಈ ಹತ್ತು ಮೀಟರ್ ವೇಗನೇ 260 ಕೋಟಿ ವರ್ಷ ನಡೀತು ಅಂತ ಇಟ್ಕೊಂಡ್ರೆ 26 ಕಿಲೋಮೀಟರ್ ಕಲ್ಲು ಹೋಗಿರಬೇಕು. ವೇಗ ಯಾವತ್ತೂ ಒಂದೇ ಸಮ ಇರಲ್ಲ, ಹಾಗಾಗಿ 26 ಅನ್ನೋ ಸಂಖ್ಯೆನ ರಿಪೋರ್ಟಲ್ಲಿ ಹಾಕಬೇಡ್ರಿ, ಆದ್ರೆ ಈಗ ಕಾಣೋ ಗುಡ್ಡದ ಆಕಾರ ಬಂಡೆ ಹುಟ್ಟಿದಾಗಿನದ್ದು ಆಗೋಕೆ ಸಾಧ್ಯನೇ ಇಲ್ಲ ಅನ್ನೋದಕ್ಕೆ ಈ ಅಂದಾಜು ಸಾಕು.

ಹಾಗಾದ್ರೆ ಇಲ್ಲಿ ಟೆಕ್ಟಾನಿಕ್ಸ್ ಎಲ್ಲಿದೆ ಸಾರ್, ಇಲ್ಲಿ ಭೂಕಂಪನೂ ಇಲ್ಲ ಜ್ವಾಲಾಮುಖಿನೂ ಇಲ್ಲ ಅಂತ ಕೇಳೋರು ಪ್ರತಿ ಬ್ಯಾಚಲ್ಲೂ ಇರ್ತಾರೆ, ಒಳ್ಳೇ ಪ್ರಶ್ನೆನೇ. ಎರಡು ಕಡೆ ಇದೆ. ಒಂದು, ಬಂಡೆ ಒಳಗೆ. ಗದಗದಿಂದ ಶ್ರೀರಂಗಪಟ್ಟಣದ ಕಡೆವರೆಗೂ 400 ಕಿಲೋಮೀಟರ್ ಮೀರಿ ಉದ್ದಕ್ಕೆ ಹೋಗೋ ಚಿತ್ರದುರ್ಗ ಶಿಸ್ಟ್ ಬೆಲ್ಟ್ ಇದೆಯಲ್ಲ, ಅದು ಸಮುದ್ರದ ತಳದ ಲಾವಾ, ಕೆಸರು, ಮರಳು, ಸುಣ್ಣಕಲ್ಲು, ಕಬ್ಬಿಣದ ಪಟ್ಟೆ ಎಲ್ಲಾ ಸೇರಿ ಎರಡೂ ಕಡೆಯಿಂದ ಒತ್ತಿಸ್ಕೊಂಡು ಮಡಚಿ ನೆಟ್ಟಗೆ ನಿಂತ ಪಟ್ಟಿ. ಅದರ ಪೂರ್ವದ ಅಂಚಲ್ಲಿ ಒಂದು ದೊಡ್ಡ ಶಿಯರ್ ಝೋನ್ (ಎರಡು ಕಡೆಯ ಕಲ್ಲು ಒಂದಕ್ಕೊಂದು ಉಜ್ಜಿ ಜಾರಿದ ಪಟ್ಟಿ) ಹೋಗುತ್ತೆ, ಧಾರವಾಡ ಕ್ರೇಟಾನ್‌ನ (ನಮ್ಮ ಕೆಳಗಿರೋ ಬಹಳ ಹಳೇ ಗಟ್ಟಿ ಭೂಖಂಡದ ತುಂಡು) ಪಶ್ಚಿಮ ಭಾಗ ಪೂರ್ವ ಭಾಗ ಅಂತ ಬೇರೆ ಮಾಡೋ ಗಡಿ ಅದೇ ಅಂತ ಬಹಳ ಜನ ಭೂವಿಜ್ಞಾನಿಗಳು ಇಟ್ಕೊಂಡಿದಾರೆ. ಇನ್ನೊಂದು, ಹೊಳೆಗಳ ದಿಕ್ಕಿನಲ್ಲಿ. ದುರ್ಗದಿಂದ ಅರಬ್ಬೀ ಸಮುದ್ರ ನೇರ ಗೆರೆ ಎಳೆದ್ರೆ 200 ಕಿಲೋಮೀಟರ್ ಆಸುಪಾಸು ಅಷ್ಟೇ, ಆದ್ರೂ ದುರ್ಗದಲ್ಲಿ ಬಿದ್ದ ಮಳೆ ವೇದಾವತಿ, ತುಂಗಭದ್ರಾ, ಕೃಷ್ಣಾ ಅಂತ ಇಡೀ ದಖ್ಖನ್ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತೆ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಸೀಳಿ ಹೋಯ್ತು, ಪಶ್ಚಿಮದ ಅಂಚು ಎತ್ತರದಲ್ಲಿ ಉಳೀತು, ಇಳಿಜಾರು ಪೂರ್ವಕ್ಕೆ. ಉಡುಪಿ ಮಲ್ಪೆ ಹತ್ರದ ಸೇಂಟ್ ಮೇರಿಸ್ ದ್ವೀಪದ ಕಂಬದಂಥ ಕಲ್ಲುಗಳು ಆ ಸೀಳಿಕೆಯ ಕಾಲದವೇ. ಅಂದ್ರೆ ನಮ್ಮೂರ ಹಳ್ಳದ ನೀರು ಯಾವ ಕಡೆ ಹರಿಯುತ್ತೆ ಅನ್ನೋದಕ್ಕೆ ಉತ್ತರ ನಮ್ಮ ಜಿಲ್ಲೇಲಿ ಇಲ್ಲ, ಘಟ್ಟದ ಆಚೆ ಇದೆ.

ಇನ್ನು ಸಾಮಾನು. ಪ್ರಾಜೆಕ್ಟ್ ಅರ್ಧ ಗೆಲ್ಲೋದು ನಕ್ಷೇಲೇ. ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್ (ನೆಲದ ಏರಿಳಿತ ತೋರಿಸೋ ನಕ್ಷೆ) 2017ರಿಂದ ಆನ್‌ಲೈನಲ್ಲಿ ಫ್ರೀಯಾಗಿ ಸಿಗುತ್ತೆ, ಕಾಂಟೂರ್ ಗೆರೆ, ಅಂದ್ರೆ ಒಂದೇ ಎತ್ತರದ ಜಾಗ ಸೇರಿಸೋ ಗೆರೆ, 20 ಮೀಟರ್‌ಗೊಂದು. ಬಂಡೆಗಳ ನಕ್ಷೆ ಜಿಎಸ್‌ಐ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ) ಅವರ ಭೂಕೋಶ್ ವೆಬ್‌ಸೈಟಲ್ಲಿ. ಎತ್ತರದ ಡೇಟಾಗೆ ಎಸ್‌ಆರ್‌ಟಿಎಂ, 2000ನೇ ಇಸವಿ ಫೆಬ್ರವರೀಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತಿ ರೇಡಾರಲ್ಲಿ ಅಳೆದಿದ್ದು, 30 ಮೀಟರ್‌ಗೊಂದು ಪಿಕ್ಸೆಲ್. ದುರ್ಗದ ಊರು ಉತ್ತರ 14 ಪೂರ್ವ 76 ಅನ್ನೋ ಟೈಲ್‌ನಲ್ಲಿ ಬರುತ್ತೆ, ವಾಣಿವಿಲಾಸ ಸಾಗರ ಉತ್ತರ 13 ಪೂರ್ವ 76ರಲ್ಲಿ, ಎರಡೂ ಇಳಿಸ್ಕೊಂಡು ಕ್ಯೂಜಿಐಎಸ್ ಅನ್ನೋ ಫ್ರೀ ನಕ್ಷೆ ಸಾಫ್ಟ್‌ವೇರಲ್ಲಿ ಮರ್ಜ್ ಮಾಡ್ಕೊಳ್ರಿ. ಮಾಡಿದ ಮೇಲೆ ಯುಟಿಎಂ 43 ಉತ್ತರ ಅನ್ನೋ ಮೀಟರ್ ಲೆಕ್ಕದ ನಕ್ಷೆ ಪದ್ಧತಿಗೆ ರೀಪ್ರಾಜೆಕ್ಟ್ ಮಾಡ್ರಿ, ಇಪಿಎಸ್‌ಜಿ ಕೋಡ್ 32643, ಇದನ್ನ ಬಿಟ್ರೆ ಸಾಫ್ಟ್‌ವೇರ್ ದೂರನ ಡಿಗ್ರೀಲಿ, ಎತ್ತರನ ಮೀಟರಲ್ಲಿ ತಗೊಂಡು ನಿಮಗೆ ನಂಬೋಕಾಗದ ಇಳಿಜಾರು ಕೊಡುತ್ತೆ. ಕೈಗೆ ಕ್ಲೈನೋಮೀಟರ್ (ಓರೆ ಅಳೆಯೋ ಸಾಧನ) ಇರೋ ಕಂಪಾಸ್, ಲೆನ್ಸ್, ನೋಟ್‌ಬುಕ್, ನೀರು, ಟೋಪಿ. ಸುತ್ತಿಗೆ ಆಮೇಲೆ ಹೇಳ್ತೀನಿ.

ಬಸ್ಸಲ್ಲಿ ಹೋಗ್ತಾನೇ ಕೆಲಸ ಶುರು ಮಾಡ್ಕೊಳ್ರಿ. ಹೊಲದ ಬಣ್ಣ ನೋಡ್ರಿ. ಗ್ರಾನೈಟ್, ನೈಸ್ ಇರೋ ಕಡೆ ಕೆಂಪಗೆ ಗರಸು ಗರಸಾಗಿ ಮಸಾರಿ ನೆಲ, ಚಳ್ಳಕೆರೆ ಕಡೆ ಕಡ್ಲೆಕಾಯಿ ಬೆಳೆಯೋ ನೆಲ ಅದು. ಹಳೇ ಲಾವಾ ಇರೋ ತಗ್ಗಲ್ಲಿ ಬಹಳ ಕಡೆ ಕಪ್ಪು ಎರೆ ನೆಲ. ಬಣ್ಣ ಬದಲಾದ ಜಾಗ ಟೋಪೋಶೀಟಲ್ಲಿ ಗುರುತು ಹಾಕಿ ಸಂಜೆ ಭೂಕೋಶ್ ನಕ್ಷೆ ಜೊತೆ ಹೋಲಿಸಿದ್ರೆ ಎಷ್ಟೋ ಕಡೆ ಗೆರೆ ಕೂತ್ಕೊಳುತ್ತೆ. ಕೂತ್ಕೊಳದ ಕಡೆ ಮಣ್ಣು ಮೇಲಿಂದ ಕೊಚ್ಚಿಕೊಂಡು ಬಂದಿರುತ್ತೆ, ಅದೂ ಒಂದು ಅಬ್ಸರ್ವೇಷನ್ನೇ, ಬರ್ಕೊಳ್ರಿ. ಆಮೇಲೆ ಗಾಳಿಯಂತ್ರ. ದುರ್ಗದ ಸುತ್ತ ಗುಡ್ಡದ ನೆತ್ತಿ ಮೇಲೆ ಸಾಲಾಗಿ ನಿಂತಿರೋ ವಿಂಡ್‌ಮಿಲ್‌ಗಳನ್ನ ಎಲ್ಲರೂ ಫೋಟೋ ತೆಗೀತಾರೆ, ಆ ಸಾಲಿನ ದಿಕ್ಕು ಯಾರೂ ಕಂಪಾಸಲ್ಲಿ ಹಿಡಿಯಲ್ಲ. ಹಿಡಿದು ನೋಡ್ರಿ, ಹೆಚ್ಚುಕಮ್ಮಿ ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಬರುತ್ತೆ, ಶಿಸ್ಟ್ ಬೆಲ್ಟ್‌ನ ಸ್ಟ್ರೈಕ್, ಅಂದ್ರೆ ಪದರಗಳು ನೆಲದ ಮೇಲೆ ಹಾದು ಹೋಗೋ ದಿಕ್ಕು, ಅದೇ. ಕಪಾಟಲ್ಲಿ ನಿಲ್ಲಿಸಿದ ಪುಸ್ತಕದ ಥರ ಪದರಗಳು ನೆಟ್ಟಗೆ ನಿಂತಿದಾವೆ, ಮೆತ್ತಗಿನ ಪದರ ಸವೆದು ತಗ್ಗಾಯ್ತು, ಗಟ್ಟಿ ಪದರ ಉದ್ದಕ್ಕೆ ದಿಣ್ಣೆಯಾಗಿ ಉಳೀತು, ಪಶ್ಚಿಮದ ಗಾಳಿಗೆ ಆ ದಿಣ್ಣೆ ಅಡ್ಡ ಸಿಗುತ್ತೆ, ಅಲ್ಲಿ ಯಂತ್ರ ನೆಟ್ಟರು.

ಕೋಟೆಗೆ ಹೋದ್ರೆ ಕಥೆ ಬಿಟ್ಟು ಬಿರುಕು ನೋಡ್ರಿ, ಕಥೆ ಎಲ್ಲರಿಗೂ ಗೊತ್ತಿರೋದೇ. ಗ್ರಾನೈಟ್ ಜಾತಿಯ ಕಲ್ಲಲ್ಲಿ ಪದರ ಇರಲ್ಲ, ಜಾಯಿಂಟ್ ಅಂದ್ರೆ ಬಿರುಕು ಇರ್ತಾವೆ, ನೀರು ಒಳಗೆ ಇಳಿಯೋದು ಅಲ್ಲಿಂದಾನೇ, ಕಲ್ಲು ಕೊಳೆಯೋದೂ ಅಲ್ಲಿಂದಾನೇ. ಎರಡು ಬಿರುಕು ಸೇರೋ ಮೂಲೇಲಿ ಎರಡೂ ಕಡೆಯಿಂದ ಕೊಳೆತು ಮೂಲೆ ಉರುಟಾಗುತ್ತೆ, ಸುತ್ತಲಿನ ಗರಸು ಮಳೆಗೆ ಹೋದ ಮೇಲೆ ನಡುವಿನ ಗಟ್ಟಿ ತಿರುಳು ಗುಂಡಾಗಿ ಒಂದರ ಮೇಲೊಂದು ಕೂತಿರುತ್ತೆ. ಯಾರೋ ಎತ್ತಿ ಇಟ್ಟಂಗೆ ಕಾಣೋ ಗುಂಡುಗಳನ್ನ ಯಾರೂ ಎತ್ತಿ ಇಟ್ಟಿಲ್ಲ, ಅವು ಇದ್ದಲ್ಲೇ ಇದಾವೆ, ಸುತ್ತಲಿಂದು ಹೋಗಿದೆ. ಕನಿಷ್ಠ 50 ಜಾಯಿಂಟ್‌ಗಳ ದಿಕ್ಕು, ಓರೆ, ನಡುವಿನ ಅಂತರ ಬರ್ಕೊಂಡು ರೋಸ್ ಡಯಾಗ್ರಾಂ (ಯಾವ ದಿಕ್ಕಲ್ಲಿ ಎಷ್ಟು ಅಂತ ತೋರಿಸೋ ದುಂಡನೆ ಗ್ರಾಫ್) ಹಾಕ್ರಿ, ಆಮೇಲೆ ಸ್ಯಾಟಲೈಟ್ ಚಿತ್ರದಲ್ಲಿ ಸುತ್ತಲಿನ ಸಣ್ಣ ಹಳ್ಳಗಳ ದಿಕ್ಕು ಅಳೆದು ಇನ್ನೊಂದು ರೋಸ್ ಹಾಕಿ ಎರಡನ್ನೂ ಪಕ್ಕಪಕ್ಕ ಇಡ್ರಿ. ಈ ಎರಡು ಚಿತ್ರದ ಹೋಲಿಕೆನೇ ಒಂದು ಒಳ್ಳೇ ಪ್ರಾಜೆಕ್ಟ್ ಆಗುತ್ತೆ, ಬೇರೆ ಏನೂ ಮಾಡದಿದ್ರೂ. ಕೋಟೆ ಪುರಾತತ್ವ ಇಲಾಖೆ ಸ್ಮಾರಕ, ಅಲ್ಲಿ ಸುತ್ತಿಗೆ ಬ್ಯಾಗಿಂದ ಹೊರಗೆ ಬರಕೂಡದು. ಜೋಗಿಮಟ್ಟಿ ಕಾಡಿಗೆ ಅರಣ್ಯ ಇಲಾಖೆ ಪರ್ಮಿಷನ್ ಮುಂಚೇನೇ ತಗೊಳ್ರಿ, ಗೇಟಲ್ಲಿ ನಿಂತು ವಾದ ಮಾಡಿ ಪ್ರಯೋಜನ ಇಲ್ಲ.

ಇನ್ನೊಂದು ಎಚ್ಚರಿಕೆ. ಭೀಮಸಮುದ್ರದ ಕಡೆ ಕಬ್ಬಿಣದ ಪಟ್ಟೆ ಇರೋ ಗುಡ್ಡದಲ್ಲಿ ಕಂಪಾಸ್ ನಂಬೋ ಹಾಗಿಲ್ಲ, ಮೊಬೈಲ್ ಕಂಪಾಸಂತೂ ಅಲ್ಲಿ ಎತ್ತಲೋ ತೋರಿಸುತ್ತೆ. ಅಲ್ಲಿ ದೂರದ ಎರಡು ಗುರುತು ಹಿಡಿದು ಟೋಪೋಶೀಟ್ ಮೇಲೆ ದಿಕ್ಕು ತೆಗೀರಿ.

ಮರಡಿಹಳ್ಳಿ ತಪ್ಪಿಸಬೇಡ್ರಿ. ದುರ್ಗದಿಂದ ಆಗ್ನೇಯಕ್ಕೆ, ಐಮಂಗಲದ ಕಡೆ. ಸಮುದ್ರದ ನೀರಲ್ಲಿ ಲಾವಾ ಉಕ್ಕಿದಾಗ ಮೇಲ್ಮೈ ತಕ್ಷಣ ಗಟ್ಟಿಯಾಗಿ ದಿಂಬು ದಿಂಬಾಗಿ ಒಂದರ ಮೇಲೊಂದು ಬಿದ್ದಿದ್ದು, ಜಿಎಸ್‌ಐ ಇದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಬಯಲುಸೀಮೆ ನಡುವೆ ನಿಂತು ಇದು ಸಮುದ್ರದ ತಳ ಅಂತ ಹುಡುಗ್ರಿಗೆ ಹೇಳಿದಾಗ ಅವರ ಮುಖ ನೋಡಬೇಕು. ಮಾಡೋ ಕೆಲಸ ಏನಂದ್ರೆ ದಿಂಬಿನ ಉಬ್ಬಿದ ಕಡೆ ಯಾವುದು, ಕೆಳಗಿನ ಎರಡು ದಿಂಬಿನ ಸಂದಿಗೆ ಇಳಿದ ಚೂಪು ತುದಿ ಯಾವುದು ಅಂತ ಹುಡುಕಿ ಸ್ಕೆಚ್ ಹಾಕೋದು. ಉಬ್ಬು ಇರೋದು ಆ ಕಾಲದ ಆಕಾಶದ ಕಡೆ, ಚೂಪು ನೆಲದ ಕಡೆ. ಈಗಿನ ಆಕಾಶಕ್ಕೂ ಆಗಿನ ಆಕಾಶಕ್ಕೂ ನಡುವೆ ಎಷ್ಟು ಡಿಗ್ರಿ ವ್ಯತ್ಯಾಸ ಬಂತೋ ಅಷ್ಟು ಆ ನೆಲ ಓರೆಯಾಗಿದೆ. ಟೆಕ್ಟಾನಿಕ್ಸನ್ನ ಪ್ರೊಟ್ರಾಕ್ಟರಲ್ಲಿ ಅಳೆಯೋದು ಅಂದ್ರೆ ಇದೇ. ಇಲ್ಲೂ ಸುತ್ತಿಗೆ ಬೇಡ. ಟೈಮ್ ಇದ್ರೆ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಕಾಂಗ್ಲಾಮರೇಟ್ ಕೂಡ ನೋಡ್ರಿ, ಬೇರೆ ಬೇರೆ ಜಾತಿಯ ಉರುಟುಕಲ್ಲು ಸೇರಿ ಗಟ್ಟಿಯಾದ ಬಂಡೆ, ಅಂದ್ರೆ ಆ ಕಾಲದಲ್ಲೂ ಇಲ್ಲಿ ಬೆಟ್ಟ ಇತ್ತು, ಹೊಳೆ ಇತ್ತು, ಸವೆತ ಇತ್ತು.

ಈಗ ನನಗೆ ಎಲ್ಲಕ್ಕಿಂತ ಇಷ್ಟದ ಜಾಗ, ಮಾರಿಕಣಿವೆ, ಅಂದ್ರೆ ವಾಣಿವಿಲಾಸ ಸಾಗರದ ಅಣೆಕಟ್ಟು ಇರೋ ಜಾಗ. ವೇದಾ, ಆವತಿ ಎರಡೂ ಬಾಬಾಬುಡನ್ ಗಿರಿ ಕಡೆಯಿಂದ ಇಳಿದು ಕಡೂರು ಹತ್ರ ಸೇರಿ ವೇದಾವತಿ ಆಗಿ ಹೊಸದುರ್ಗದ ಕಡೆಯಿಂದ ಬಂದು, ಎದುರಿಗೆ ಶಿಸ್ಟ್ ಗುಡ್ಡದ ಸಾಲು ಗೋಡೆ ಹಾಗೆ ಅಡ್ಡ ನಿಂತಿದ್ರೂ ಅದನ್ನ ಬಳಸಿ ಹೋಗದೆ ಸೀಳ್ಕೊಂಡೇ ಹಿರಿಯೂರಿಗೆ ಇಳಿಯುತ್ತೆ. ಆ ಇಕ್ಕಟ್ಟಿಗೇ ಮೈಸೂರು ಸಂಸ್ಥಾನದವರು ಅಣೆಕಟ್ಟು ಕಟ್ಟಿ 1907ಕ್ಕೆ ಮುಗಿಸಿದ್ರು, ಪೂರ್ತಿ ಮಟ್ಟ 130 ಅಡಿ, 30 ಟಿಎಂಸಿ. 1933ರಲ್ಲಿ ಕೋಡಿ ಬಿದ್ದಿದ್ದು ಮತ್ತೆ ಬಿದ್ದಿದ್ದು 2022ರಲ್ಲಿ, ನಮ್ಮ ಮಳೆ ಯೋಗ್ಯತೆ ಅದು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆನೂ ಇದೇ ಲೆಕ್ಕ, ಹರಿದ್ರಾ ಹೊಳೆ ಗುಡ್ಡದ ನಡುವಿನ ಇಕ್ಕಟ್ಟಲ್ಲಿ ಹೊರಗೆ ಬರೋ ಕಡೆ ಏರಿ, ಏರಿ ಚಿಕ್ಕದು, ಹಿಂದಿನ ನೀರು ಕಣ್ಣು ಹಾಯಿಸಿದಷ್ಟು. ದಾವಣಗೆರೆ ಕಡೆಯೋರು ಮಾರಿಕಣಿವೆಗೆ ಬರೋ ಬದಲು ಅಲ್ಲೇ ಮಾಡಬಹುದು.

ಪ್ರಾಜೆಕ್ಟ್ ಪ್ರಶ್ನೆ ಒಂದೇ: ಹೊಳೆ ಗುಡ್ಡನ ಯಾಕೆ ಸೀಳ್ತು? ಮೂರು ಉತ್ತರ ಸಾಧ್ಯ. ಹೊಳೆ ಮೊದಲೇ ಇತ್ತು, ಗುಡ್ಡ ಆಮೇಲೆ ನಿಧಾನಕ್ಕೆ ಎದ್ದಿತು, ಏಳ್ತಾ ಏಳ್ತಾ ಹೊಳೆ ಕೊರೀತಾ ಹೋಯ್ತು ಅನ್ನೋದು ಒಂದು. ಹಾಗಿದ್ರೆ ಹತ್ತಿರದಲ್ಲಿ ಎಳೇ ಮೆಕ್ಕಲು ಓರೆಯಾಗಿರಬೇಕು, ಹೊಳೆ ಪಕ್ಕದ ಮೆಟ್ಟಿಲು ಬಯಲುಗಳು ಬಾಗಿರಬೇಕು. ಎರಡನೇದು, ಹೊಳೆ ಈಗಿನ ಗುಡ್ಡದ ನೆತ್ತಿಗಿಂತ ಮೇಲಿದ್ದ ಹಳೇ ನೆಲದ ಮೇಲೆ ಹರೀತಿತ್ತು, ಕೆಳಗೇನಿದೆ ಅಂತ ಅದಕ್ಕೆ ಗೊತ್ತಿರಲಿಲ್ಲ, ನೆಲ ಇಳೀತಾ ಇಳೀತಾ ಗಟ್ಟಿ ಪದರ ಎದುರಾಯ್ತು, ಅಷ್ಟೊತ್ತಿಗೆ ದಾರಿ ಬದಲಿಸೋಕೆ ಆಗಲಿಲ್ಲ. ಹಾಗಿದ್ರೆ ಗುಡ್ಡದ ನೆತ್ತಿಗಳ ಎತ್ತರ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಇರಬೇಕು, ಬೇರೆ ಹೊಳೆಗಳೂ ಪದರದ ದಿಕ್ಕಿಗೆ ಕೇರ್ ಮಾಡದೆ ಅಡ್ಡ ದಾಟಿರಬೇಕು. ಮೂರನೇದು, ಪೂರ್ವದ ಕಡೆಯ ಒಂದು ಹಳ್ಳ ಬಿರುಕು ಹಿಡಿದು ಹಿಂದಕ್ಕೆ ಕೊರೀತಾ ಬಂದು ಪಶ್ಚಿಮದ ಹೊಳೇನ ತನ್ನ ಕಡೆ ಎಳ್ಕೊಂಡಿತು. ಹಾಗಿದ್ರೆ ಹೊಳೇಲಿ ಮೊಣಕೈ ಥರ ತಿರುವು ಇರಬೇಕು, ನೀರಿಲ್ಲದ ಹಳೇ ಕಣಿವೆ ಎಲ್ಲೋ ಉಳಿದಿರಬೇಕು.

ಗೂಗಲ್ ಅರ್ಥ್ ಪ್ರೋನಲ್ಲಿ ಗುಡ್ಡದ ನೆತ್ತಿ ಹಿಡ್ಕೊಂಡು ಕಣಿವೆಯ ಎರಡೂ ಕಡೆ ಹತ್ತು ಹದಿನೈದು ಕಿಲೋಮೀಟರ್ ಪಾತ್ ಎಳೀರಿ, ಎಲಿವೇಶನ್ ಪ್ರೊಫೈಲ್ ತೆಗೀರಿ. ನೆತ್ತಿ ಮಟ್ಟ ಹೇಗಿದೆ, ನಡುವೆ ನೀರಿಲ್ಲದ ತಗ್ಗು ಎಷ್ಟಿದೆ, ಆ ತಗ್ಗಿನ ಎರಡೂ ಕಡೆ ಉರುಟು ಜಲ್ಲಿ ಸಿಗುತ್ತಾ ಅಂತ ಹೋಗಿ ನೋಡ್ರಿ. ನನ್ನ ಊಹೆ ಎರಡನೇದರ ಕಡೆ, ಜೊತೆಗೆ ಇಕ್ಕಟ್ಟಿನ ಜಾಗ ಇಲ್ಲೇ ಆಗೋಕೆ ಬಿರುಕು ಸಹಾಯ ಮಾಡಿರಬೇಕು ಅಂತ. ಸಾರ್ ಹೇಳಿದ್ರು ಅಂತ ಅದನ್ನೇ ಬರ್ಕೊಂಡು ಬಂದ್ರೆ ಮಾತ್ರ ವೈವಾದಲ್ಲಿ ನಾನೇ ಮೊದಲು ಎದುರು ವಾದ ಮಾಡೋದು.

ಕಂಪ್ಯೂಟರ್ ಕೆಲಸಕ್ಕೆ ಬರೋಣ, ಹೊಳೆಯ ಉದ್ದದ ಪ್ರೊಫೈಲ್. ಕ್ಯೂಜಿಐಎಸ್‌ನಲ್ಲಿ ಮೊದಲು ಫಿಲ್ ಸಿಂಕ್ಸ್ (ಡೇಟಾದಲ್ಲಿರೋ ಸುಳ್ಳು ಗುಂಡಿ ಮುಚ್ಚೋದು), ಆಮೇಲೆ ಫ್ಲೋ ಅಕ್ಯುಮ್ಯುಲೇಷನ್. ಒಂದೊಂದು ಪಿಕ್ಸೆಲ್‌ಗೂ ಮೇಲಿಂದ ಎಷ್ಟು ಪಿಕ್ಸೆಲ್ ನೀರು ಬರುತ್ತೆ ಅಂತ ಸಿಗುತ್ತೆ, ಅದನ್ನ 900ರಿಂದ ಗುಣಿಸಿದ್ರೆ ಚದರ ಮೀಟರಲ್ಲಿ ಜಲಾನಯನ ಪ್ರದೇಶ. ಹೊಳೆ ಉದ್ದಕ್ಕೂ ದೂರ, ಎತ್ತರ, ಪ್ರದೇಶ ಮೂರನ್ನೂ ಎಕ್ಸೆಲ್‌ಗೆ ತಗೊಳ್ರಿ. ಇಳಿಜಾರನ್ನ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ತೆಗೆದ್ರೆ ಕಸ ಬರುತ್ತೆ, ಎಸ್‌ಆರ್‌ಟಿಎಂನಲ್ಲಿ ಕೆಲವು ಮೀಟರ್ ತಪ್ಪು ಸಾಮಾನ್ಯ, ಹಾಗಾಗಿ ಎತ್ತರ 20 ಮೀಟರ್ ಇಳಿಯೋಕೆ ಎಷ್ಟು ದೂರ ಹಿಡೀತು ಅಂತ ಲೆಕ್ಕ ಹಾಕ್ರಿ. ಆಮೇಲೆ ಇಳಿಜಾರು ಒಂದು ಕಡೆ, ಪ್ರದೇಶ ಒಂದು ಕಡೆ, ಎರಡೂ ಲಾಗ್. ಪ್ರದೇಶ ಹೆಚ್ಚಾದಂಗೆ ಇಳಿಜಾರು ಕಡಿಮೆ ಆಗ್ತಾ ಹೋಗೋ ಒಂದು ಗೆರೆ ಬರಬೇಕು, ಆ ಗೆರೆಯ ಓರೆ ಸಾಮಾನ್ಯವಾಗಿ 0.4ರಿಂದ 0.6, ಹೋಲಿಕೆಗೆ ಜಗತ್ತಿನಾದ್ಯಂತ 0.45 ಇಟ್ಕೊಳ್ತಾರೆ. ಗೆರೆ ಬಿಟ್ಟು ಮೇಲೆ ಹಾರಿದ ಬಿಂದುಗಳಿದ್ರೆ ಅಲ್ಲಿ ಹೊಳೆ ಇರಬೇಕಾದ್ದಕ್ಕಿಂತ ಕಡಿದಾಗಿದೆ, ಅದೇ ನಿಕ್‌ಪಾಯಿಂಟ್.

ನಿಕ್‌ಪಾಯಿಂಟ್ ಸಿಕ್ಕ ತಕ್ಷಣ ಕುಣೀಬೇಡ್ರಿ. ನಮ್ಮ ಜಿಲ್ಲೇಲಿ ಹಳ್ಳ ಇದ್ದಲ್ಲೆಲ್ಲ ಕೆರೆ, ಕೆರೆ ಇದ್ದಲ್ಲೆಲ್ಲ ಏರಿ, ಜೊತೆಗೆ ಚೆಕ್‌ಡ್ಯಾಂ. ರೇಡಾರ್‌ಗೆ ಏರಿನೂ ನೆಲನೇ, ಪ್ರೊಫೈಲಲ್ಲಿ ಉದ್ದ ಸಪಾಟು ಆಮೇಲೆ ಧಡಕ್ಕನೆ ಇಳಿತ ಬರುತ್ತೆ, ಪುಸ್ತಕದಲ್ಲಿರೋ ನಿಕ್‌ಪಾಯಿಂಟ್ ಚಿತ್ರದ ಥರಾನೇ. ವಾಣಿವಿಲಾಸ ಸಾಗರದ ಹಿನ್ನೀರೂ ಅಷ್ಟೇ, ಡೇಟಾದಲ್ಲಿ ಇರೋದು ಆ ಫೆಬ್ರವರಿಯ ನೀರಿನ ಮೇಲ್ಮೈ, ಹೊಳೆ ತಳ ಅಲ್ಲ. ಆ ಭಾಗ ಕತ್ತರಿಸಿ ಹಾಕ್ರಿ, ಹಾಗೆ ಕತ್ತರಿಸಿದೀವಿ ಅಂತ ರಿಪೋರ್ಟಲ್ಲಿ ಸ್ಪಷ್ಟವಾಗಿ ಬರೀರಿ. ಉಳಿದ ನಿಕ್‌ಪಾಯಿಂಟ್‌ಗಳನ್ನ ಬಂಡೆ ನಕ್ಷೆ ಮೇಲೆ ಇಟ್ಟು ನೋಡ್ರಿ. ಬಂಡೆ ಜಾತಿ ಬದಲಾಗೋ ಗೆರೆ ಮೇಲೇ ಕೂತಿದ್ರೆ ಅದು ಕಲ್ಲಿನ ಗಟ್ಟಿತನದ ಕಥೆ. ಬೇರೆ ಬೇರೆ ಬಂಡೆ ಮೇಲೆ ಹರಿಯೋ ನಾಲ್ಕೈದು ಹಳ್ಳದಲ್ಲಿ ಒಂದೇ ಎತ್ತರದ ಆಸುಪಾಸು ಬಂದ್ರೆ ಮಾತ್ರ ಕೆಳಗೆಲ್ಲೋ ಮಟ್ಟ ಕುಸಿದು ಆ ಸುದ್ದಿ ಹೊಳೆ ಹಿಡ್ಕೊಂಡು ಮೇಲಕ್ಕೆ ಬರ್ತಿರಬಹುದು ಅಂತ ಯೋಚನೆ ಮಾಡಬಹುದು.

ಮೊಳಕಾಲ್ಮೂರು ಕಡೆಯೋರಿಗೆ ಇನ್ನೊಂದು ಪ್ರಾಜೆಕ್ಟ್ ಇದೆ, ಯಾರೂ ಮಾಡಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳು, 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಮಾಡಿದ್ದು. ಬ್ರಹ್ಮಗಿರಿಯದ್ದನ್ನ ಊರವರು ಅಕ್ಷರಗುಂಡು ಅಂತಾರೆ. ಕೊರೆದು ಸುಮಾರು 2,270 ವರ್ಷ ಆಯ್ತು. ಮೇಲೆ ಹೇಳಿದ ಹತ್ತು ಲಕ್ಷ ವರ್ಷಕ್ಕೆ ಹತ್ತು ಮೀಟರ್ ಲೆಕ್ಕದಲ್ಲಿ ಇಷ್ಟು ವರ್ಷಕ್ಕೆ 23 ಮಿಲಿಮೀಟರ್ ಸವೀಬೇಕಿತ್ತು, ಅಕ್ಷರ ಒಂದೂ ಉಳೀಬಾರದಿತ್ತು. ಆದ್ರೂ ಓದೋ ಹಾಗಿದೆ. ಈಗ ರಕ್ಷಣೆಗೆ ಕಟ್ಟಡ ಇದೆ, ಆದ್ರೆ ಆ ಕಾಲಾವಧಿಯ ಬಹುಪಾಲು ಬಯಲಲ್ಲೇ ಇತ್ತಲ್ಲ. ಕಾರಣ ಏನಂದ್ರೆ ಬೋಳು ಬಂಡೆ ಮೇಲೆ ಬಿದ್ದ ಮಳೆ ನಿಲ್ಲದೆ ಜಾರಿ ಹೋಗುತ್ತೆ, ಮಣ್ಣಿನ ಹೊದಿಕೆ ಇರೋ ಕಡೆ ನೀರು ನಿಂತು ಕಲ್ಲನ್ನ ಕೊಳೆಸುತ್ತೆ. ಅಮೆರಿಕದ ಜಿ. ಕೆ. ಗಿಲ್ಬರ್ಟ್ 1877ರಲ್ಲೇ ಇದನ್ನ ಹೇಳಿದ್ದ. ಗುಂಡು ನಿಧಾನ, ಸುತ್ತಲಿನ ಹೊಲ ಬೇಗ, ಹಾಗಾಗಿ ಗುಂಡು ದಿನೇ ದಿನೇ ಎದ್ದು ಕಾಣುತ್ತೆ, ಏನೂ ಮೇಲಕ್ಕೆ ಎದ್ದಿರಲ್ಲ. ಶಾಸನ ಮುಟ್ಟದೆ, ಸುತ್ತಲಿನ ಬೇರೆ ಗುಂಡುಗಳ ಬುಡದಲ್ಲಿ ಮಣ್ಣಿನ ಗುರುತು ಎಷ್ಟು ಎತ್ತರಕ್ಕಿದೆ, ಬುಡ ಒಳಕ್ಕೆ ಎಷ್ಟು ಕೊರೆದಿದೆ ಅಂತ ಟೇಪಲ್ಲಿ ಅಳೆದ್ರೆ ಈ ಮಾತಿಗೆ ನಿಮ್ಮದೇ ಸಾಕ್ಷಿ ಸಿಗುತ್ತೆ.

ರಿಪೋರ್ಟ್ ಬರಿಯೋವಾಗ ಬಂಡೆ ಹುಟ್ಟಿದ ಕಾಲದ ಘಟನೆ ಒಂದು ಅಧ್ಯಾಯ, ಈಗಿನ ನೆಲದ ಆಕಾರ ಆದದ್ದು ಇನ್ನೊಂದು ಅಧ್ಯಾಯ, ಎರಡನ್ನ ಕಲಸಬೇಡ್ರಿ. ನೋಡಿದ್ದು ಯಾವುದು, ಊಹಿಸಿದ್ದು ಯಾವುದು ಅಂತ ಬೇರೆ ಪ್ಯಾರಾದಲ್ಲಿ ಇರಲಿ. ಫೋಟೋದಲ್ಲಿ ಸ್ಕೇಲ್ ಇಡ್ರಿ, ಪೆನ್ನಾದ್ರೂ ಆಯ್ತು, ಫ್ರೆಂಡ್ ಸನ್‌ಗ್ಲಾಸ್ ಹಾಕ್ಕೊಂಡು ಪೋಸ್ ಕೊಟ್ಟಿದ್ದು ಸ್ಕೇಲ್ ಅಲ್ಲ. ಹೋಗೋದು ನವೆಂಬರಿಂದ ಫೆಬ್ರವರಿ ಒಳಗೆ, ಆಗ ಹುಲ್ಲು ಒಣಗಿ ಬಂಡೆ ಕಾಣುತ್ತೆ, ಬಿಸಿಲೂ ತಡೀಬಹುದು. ಜಾಯಿಂಟ್ ಅಳತೆಯ ಪಟ್ಟಿ, ಎಕ್ಸೆಲ್ ಶೀಟ್ ಎರಡೂ ಕೊನೇಲಿ ಅನುಬಂಧವಾಗಿ ಸೇರಿಸ್ರಿ, ಎಕ್ಸಾಮಿನರ್ ಮೊದಲು ತಿರುವಿ ನೋಡೋದು ಅದನ್ನೇ.